ಆ ನೀರಿನದು ಆ ನೀರಿಗೆ

ಕಾಡಿಗೆ ಹೋಗಿ ನೆಲದ ಮೇಲೆ ಮಲಗುವುದಕ್ಕೆ ದುಡ್ಡು ಕೊಟ್ಟು ಚೀಲ ಕೊಳ್ಳುವವರನ್ನು ನಾನು ಮೊದಲು ನೋಡಿದ್ದು ನನ್ನ ಮನೆಯಲ್ಲೇ. ನನ್ನ ಮಗ ಮತ್ತು ಸೊಸೆ. ಮದುವೆಯಾದ ವರ್ಷದಿಂದ ಇಬ್ಬರಿಗೂ ಈ ಚಟ. ದೀಪಾವಳಿ ಮುಗಿದು, ಕಬ್ಬು ಕಡಿಯುವ ಗ್ಯಾಂಗು ಊರಿಗೆ ಬರುವ ಮೊದಲು ಸ್ವಲ್ಪ ಬಿಡುವು ಸಿಗುತ್ತದಲ್ಲ, ಆಗ ಬೆನ್ನಿಗೆ ತಲೆಗಿಂತ ಎತ್ತರದ ಚೀಲ ಕಟ್ಟಿಕೊಂಡು ನಿಪ್ಪಾಣಿಯಿಂದ ಪಶ್ಚಿಮಕ್ಕೆ, ಘಟ್ಟದ ಕಾಡಿಗೆ ಹೋಗುತ್ತಾರೆ. ಅಲ್ಲಿ ನಡೆಯುತ್ತಾರೆ, ಮಲಗುತ್ತಾರೆ, ತಿರುಗಿ ಬರುತ್ತಾರೆ. ಏನು ತಂದಿರಿ ಎಂದರೆ ಏನೂ ಇಲ್ಲ. ಕಾಲ ತುಂಬ ಗೀರು, ಮೈ ತುಂಬ ಧೂಳು. ಏಕಸಂಬಿಯ ಕಡೆಯ ನಮ್ಮೂರಲ್ಲಿ ಮೇವಿನ ಹೊರೆ ಹೊತ್ತ ಹೆಂಗಸನ್ನು ಯಾರೂ ತಿರುಗಿ ನೋಡುವುದಿಲ್ಲ. ಇವರಿಬ್ಬರು ಚೀಲ ಹೊತ್ತು ಹೊರಟರೆ ಮಾತ್ರ ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತದೆ.

ಮಕ್ಕಳು ನನ್ನ ಹತ್ತಿರ ಉಳಿಯುತ್ತಿದ್ದವು. ದೊಡ್ಡದು ಹುಡುಗಿ, ಈಗ ಹತ್ತು ತುಂಬಿದೆ. ಚಿಕ್ಕವನಿಗೆ ಆರು. ಅಪ್ಪ ಅಮ್ಮ ಮನೆಯಲ್ಲಿಲ್ಲ ಎಂದರೆ ಚಿಕ್ಕವನಿಗೆ ಹಬ್ಬ. ಹುಡುಗಿ ಹಾಗಲ್ಲ. ಅವರು ತಿರುಗಿ ಬರುವ ದಿನ ಬೆಳಗಿನಿಂದಲೇ ಕಟ್ಟೆಯ ಮೇಲೆ ಕೂತಿರುವಳು. ಬಂದ ಕೂಡಲೆ ಅಪ್ಪನ ಬೂಟು ಬಿಚ್ಚಿ, ಕಾಲುಚೀಲಕ್ಕೆ ಹತ್ತಿದ ಹುಲ್ಲಿನ ಮುಳ್ಳುಬೀಜಗಳನ್ನು ಒಂದೊಂದಾಗಿ ಕೀಳುವಳು. ಒಂದು ವರ್ಷ ಅವನ್ನು ಹಿತ್ತಲಲ್ಲಿ ಬಿತ್ತಿದಳು. ಮೊಳಕೆ ಬಂದವು. ಇದು ಕಾಡು, ಇದಕ್ಕೆ ನೀರು ಹಾಕಬೇಡಿ, ತಾನೇ ಬೆಳೆಯುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ನಮ್ಮ ಆಡು ತಿಂದಿತು. ಅತ್ತಳು. ಆಡಿನ ಕೆಲಸ ಅದೇ ಎಂದು ನಾನು ಹೇಳಿದೆ.

ಹೋದ ವರ್ಷ ಅವಳು ಕಟ್ಟೆಯ ಮೇಲೆ ಕೂಡುವುದಿಲ್ಲ ಎಂದಳು. ನಾನೂ ಬರುತ್ತೇನೆ ಎಂದಳು. ನನ್ನ ಮಗ ಊಟದ ತಾಟು ಸರಿಸಿ ಅವಳನ್ನು ಎದುರಿಗೆ ಕೂರಿಸಿಕೊಂಡ.

"ಎರಡ ಕಾಯ್ದೆ ಅದಾವ. ಕೇಳ್ಕೋ. ನಿನ್ನ ಚೀಲ ನೀನ ಹೊರಬೇಕ, ಯಾರ ಕೈಯಾಗೂ ಕೊಡಂಗಿಲ್ಲ. ಎರಡನೇದು, ಅರ್ಧಾ ದಾರ್ಯಾಗ ನಿಂತ 'ತಿರಗಿ ಹೋಗೂಣು' ಅನ್ನಂಗಿಲ್ಲ. ಅಂದಿ ಅಂದ್ರ ತಿರಗಿ ಹೋಗೂಣು. ಆದ್ರ ಹತ್ತನೇತ್ತಾ ಸಾಲಿ ಮುಗಿಯೂತನಾ ಮತ್ತ ನನ್ನ ಮುಂದ ಕಾಡಿನ ಹೆಸರ ತಗೀಬ್ಯಾಡ."

"ಹೂಂ," ಎಂದಳು ಹುಡುಗಿ.

"ತಮ್ಮಗೂ ಇದ ಕಾಯ್ದೆ."

"ನನಗ ಚಿಪ್ಸ ಬೇಕ," ಎಂದ ಚಿಕ್ಕವನು. ಅವನ ಷರತ್ತು ಅಷ್ಟೆ.

ನನ್ನ ಮಗ ಕಟುಕನಲ್ಲ. ಹಿಂದೊಮ್ಮೆ ಬೇರೊಬ್ಬರ ಮಕ್ಕಳು ಜೊತೆಗೆ ಹೋಗಿ, ಅರ್ಧ ಏರಿನಲ್ಲಿ ಕೂತು ಅತ್ತು, ಎಲ್ಲರೂ ಇಳಿದು ಬಂದಿದ್ದರು. ಅದಕ್ಕೇ ಈ ಕಾಯ್ದೆ. ಆದರೆ ಅವನು ಒಮ್ಮೆ ಆಡಿದ ಮಾತು ಮುರಿಯುವುದಿಲ್ಲ. ಅದು ಅವನ ಗುಣವೂ ಹೌದು, ರೋಗವೂ ಹೌದು. ಹುಡುಗಿಗೆ ಅದು ಚೆನ್ನಾಗಿ ಗೊತ್ತು.

ನಾನೂ ಹೊರಡುತ್ತೇನೆ ಎಂದು ನಾನು ಹೇಳಿದಾಗ ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅತ್ತಿ, ಅಲ್ಲಿ ಏರ ಐತ್ರಿ."

"ಇರ್ಲಿ. ನಾ ದಿನಾ ಹೊರಿ ಹೊತ್ತ ಬದುವಿನ ಮ್ಯಾಲ ಅಡ್ಡಾಡಾಕಿ. ನಿನ್ನ ಗಂಡ ಮೋಟರ್ ಸೈಕಲ್ ಮ್ಯಾಲ ಅಡ್ಡಾಡಾಂವ. ಯಾರಿಗೆ ಏರ ಹತ್ತತೈತಿ ನೋಡೂಣು."

ಮಕ್ಕಳ ಮೇಲಿನ ಮೋಹಕ್ಕೆ ಹೊರಟೆ ಎಂದು ಓಣಿಯವರು ಅಂದುಕೊಂಡರು. ಅಲ್ಲ. ಇಷ್ಟು ವರ್ಷ ಖಾಲಿ ಕೈಯಲ್ಲಿ ತಿರುಗಿ ಬರುವ ಇವರಿಬ್ಬರ ಮುಖದಲ್ಲಿ ಏನೋ ಒಂದು ಇರುತ್ತಿತ್ತು. ಅದು ಏನು ಎಂದು ನೋಡಬೇಕಿತ್ತು.

ನಾವು ಜೈನರು, ಒಕ್ಕಲುತನದವರು. ಹೊತ್ತು ಮುಳುಗಿದ ಮೇಲೆ ನಾನು ಬಾಯಿಗೆ ಅನ್ನ ಹಾಕುವುದಿಲ್ಲ, ನೀರೂ ಇಲ್ಲ. ಮತ್ತೆ, ಬಟ್ಟೆಯಲ್ಲಿ ಸೋಸದ ನೀರು ಕುಡಿಯುವುದಿಲ್ಲ. ಮನೆಯಲ್ಲಿ ಈಗ ಗೋಡೆಗೆ ಮೆಷಿನ್ ಇದೆ, ಗುಂಡಿ ಒತ್ತಿದರೆ ನೀರು. ಅವರು ಅದನ್ನು ಕುಡಿಯುತ್ತಾರೆ, ಕುಡಿಯಲಿ. ನಾನು ನಾಲ್ಕನೇ ಇಯತ್ತೆ ಮುಟ್ಟಿ ಶಾಲೆ ಬಿಟ್ಟವಳು. ನನ್ನ ಅತ್ತೆ ಹೊಲದ ಬಾವಿಯ ಹತ್ತಿರ ನಿಲ್ಲಿಸಿ ಕಲಿಸಿದ್ದೇ ನನ್ನ ದೊಡ್ಡ ಶಾಲೆ. ದಪ್ಪ ಬಟ್ಟೆ ಎರಡು ಮಡಿಕೆ ಮಾಡಬೇಕು. ಕೊಡದ ಬಾಯಿಗೆ ಹಾಕಿ ನಿಧಾನ ಸೋಸಬೇಕು. ಬಟ್ಟೆಯ ಮೇಲೆ ಉಳಿಯುತ್ತವಲ್ಲ ಕಣ್ಣಿಗೆ ಕಾಣುವ ಕಾಣದ ಜೀವಗಳು, ಅವನ್ನು ಹಿಂಡಬಾರದು. ಬಟ್ಟೆ ತಿರುವಿ ಹಾಕಿ, ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು ತಂಬಿಗೆಯಲ್ಲಿ ಹಿಡಿಯಬೇಕು. ಅದಕ್ಕೆ ಜೀವಾಣಿ ಎನ್ನುತ್ತೇವೆ. ಆ ಜೀವಾಣಿಯನ್ನು ತಂದ ನೀರಿಗೇ ತಿರುಗಿ ಬಿಡಬೇಕು. ಬೇರೆ ಬಾವಿಗಲ್ಲ, ಬೇರೆ ಹೊಳೆಗಲ್ಲ. ಮೇಲಿನಿಂದ ಸುರುವಬಾರದು, ತಂಬಿಗೆ ನೀರು ಮುಟ್ಟಿದ ಮೇಲೆ ಬೋರಲು ಹಾಕಬೇಕು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕುವುದಿಲ್ಲ ಎಂದು ಅತ್ತೆ ಹೇಳಿದ್ದರು. ಆ ನೀರಿನದು ಆ ನೀರಿಗೆ.

ನನ್ನ ಮೊಮ್ಮಗಳು ಇದನ್ನು ನನ್ನಿಂದ ಆಟವೆಂದು ಕಲಿತಳು. ಹೊಲದ ಬಾವಿಗೆ ತಂಬಿಗೆ ಇಳಿಬಿಟ್ಟು ಬೋರಲು ಹಾಕುವುದರಲ್ಲಿ ಅವಳ ಕೈ ನನ್ನ ಕೈಗಿಂತ ಚಲೋ.

ಹೊರಡುವ ಮುಂಚೆ ನನ್ನ ಮಗ ಕೊಳವೆಯಂಥದ್ದೊಂದನ್ನು ತೋರಿಸಿದ. "ಅವ್ವಾ, ಬಟ್ಟಿ ಯಾಕ? ಇದ ಫಿಲ್ಟರ್. ಎಂಥಾ ನೀರಿಗೂ ನಡೀತೈತಿ."

"ನಿನ್ನ ಫಿಲ್ಟರ್ ನಮ್ಮನ್ನ ಹುಳದಿಂದ ಉಳಸ್ತೈತಿ. ನನ್ನ ಬಟ್ಟಿ ಹುಳಾನ ನಮ್ಮಿಂದ ಉಳಸ್ತೈತಿ," ಎಂದೆ. ಅವನು ಕೊಳವೆಯನ್ನು ಚೀಲದೊಳಗೆ ತುರುಕಿದ.

ನಿಪ್ಪಾಣಿಯಿಂದ ಜೀಪು. ಕಬ್ಬು ಮುಗಿಯಿತು, ತಂಬಾಕಿನ ಹೊಲ ಮುಗಿದವು, ರಸ್ತೆಯ ಬದಿಯ ಮಾತು ಪೂರ್ತಿ ಮರಾಠಿಯಾಯಿತು. ಕಾಡಂಚಿನ ಕೊನೆಯ ವಾಡಿಯ ನಾಲ್ಕು ಮನೆಗಳ ಹತ್ತಿರ ಜೀಪು ನಮ್ಮನ್ನು ಇಳಿಸಿ ಹೋಯಿತು. ಹುಡುಗಿ ತನ್ನ ಚೀಲ ಬೆನ್ನಿಗೇರಿಸಿದಳು. ಅವಳ ಬಟ್ಟೆ, ಹೊದಿಕೆ, ನಾಲ್ಕು ಕಟಕ ರೊಟ್ಟಿ ಅದರಲ್ಲಿ. ಮೇಲೆ ನನ್ನ ಫಿರಕಿ ತಂಬಿಗೆಯನ್ನೂ ತಾನೇ ಕಟ್ಟಿಕೊಂಡಳು. ಫಿರಕಿ ತಂಬಿಗೆ ಎಂದರೆ ತಿರುವಿ ಮುಚ್ಚುವ ಮುಚ್ಚಳದ ತಂಬಿಗೆ. ಹಿಂದಿನ ಕಾಲದಲ್ಲಿ ಊರಿಗೆ ಹೋಗುವವರ ಕೈಯಲ್ಲೆಲ್ಲ ಇರುತ್ತಿತ್ತು. "ಜೀವಾಣಿ ಬಿಡೂ ಕೆಲಸ ನಂದು," ಎಂದಳು. ಆಗಲಿ ಎಂದೆ.

ಕಾಡು ಹೊಕ್ಕೆವು. ಮರದ ಮೇಲೆ ಮರ, ಅದರ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಮತ್ತೇನೋ. ನಮ್ಮ ಕಡೆ ನಿಂತು ನೋಡಿದರೆ ಮುಂದಿನ ಊರಿನ ನೀರಿನ ಟಾಕಿ ಕಾಣುತ್ತದೆ. ಇಲ್ಲಿ ಮುಂದಿದ್ದವರ ಬೆನ್ನು ಕಾಣುತ್ತಿರಲಿಲ್ಲ. ನಾನು ಏನನ್ನೋ ಹುಡುಕುತ್ತಿದ್ದೇನೆ ಎಂದು ಬಹಳ ಹೊತ್ತಿನ ಮೇಲೆ ನನಗೇ ತಿಳಿಯಿತು. ಬದು ಹುಡುಕುತ್ತಿದ್ದೆ.

ಚಿಕ್ಕವನು ಕೇಳಿಯೇಬಿಟ್ಟ. "ಆಯಿ, ಇದು ಯಾರ ಹೊಲಾ?"

"ಯಾರ್ದೂ ಅಲ್ಲ."

"ಮತ್ತ ಯಾರ ಬಿತ್ತಿದ್ದು?"

ಹುಟ್ಟಿದಾಗಿನಿಂದ ಬಿತ್ತಿದ್ದನ್ನೇ ಕಂಡವಳು ನಾನು. ಕಳೆ ತೆಗೆದು, ಗೊಬ್ಬರ ಹಾಕಿ, ಕರೆಂಟು ಬಂದಾಗ ಎದ್ದು ನೀರು ಹಾಯಿಸಿ, ಆಮೇಲೆ ಬೆಳೆ. ಇಲ್ಲಿ ಯಾರೂ ಏನೂ ಮಾಡಿರಲಿಲ್ಲ, ಎಲ್ಲ ನಿಂತಿತ್ತು. ಒಂದು ಮರದ ಬೇರೇ ನನ್ನ ಎದೆಯೆತ್ತರ. ಅದರ ಸಂದಿನಲ್ಲಿ ಚಿಕ್ಕವನು ಹೋಗಿ ನಿಂತ. ಅಂಗಡಿಯ ಗೂಡಿನಲ್ಲಿ ನಿಂತಂತೆ ಕಂಡ. ನಾನು ತಲೆಯೆತ್ತಿ ಅದರ ತುದಿ ನೋಡಲು ಹೋಗಿ ಸೆರಗು ಬೀಳಿಸಿಕೊಂಡೆ. ತುದಿ ಕಾಣಲಿಲ್ಲ. ಹೊಲಕ್ಕೆ ಬರುವ ಹಕ್ಕಿಗಳನ್ನು ಕಲ್ಲೆಸೆದು ಓಡಿಸುತ್ತೇವೆ. ಇಲ್ಲಿ ಹಕ್ಕಿ ಕೂಗಿದಾಗ ನಾವೇ ಬೇರೆಯವರ ಹೊಲಕ್ಕೆ ನುಗ್ಗಿದವರ ಹಾಗೆ ನಿಂತೆವು.

ಮಧ್ಯಾಹ್ನ ಒಂದು ಹಳ್ಳ ಸಿಕ್ಕಿತು. ತೆಳ್ಳಗೆ ಹರಿದು ಬಂದು ಬಂಡೆಯ ಕೆಳಗೆ ಮಡುವಾಗಿ ನಿಂತಿತ್ತು. ತಳದ ಕಲ್ಲೆಲ್ಲ ಕಾಣುವಂಥ ನೀರು. ಅಲ್ಲೇ ಊಟಕ್ಕೆ ಕೂತೆವು. ನಾನು ಹೊತ್ತು ತಂದ ಚಿಕ್ಕ ಕೊಡಕ್ಕೆ ಬಟ್ಟೆ ಹಾಕಿ ನೀರು ಸೋಸಿದೆ. ಹುಡುಗಿ ಬಟ್ಟೆ ತಿರುವಿ ತೊಳೆದು ಜೀವಾಣಿಯನ್ನು ಫಿರಕಿ ತಂಬಿಗೆಯಲ್ಲಿ ಹಿಡಿದಳು. ಮಡುವಿನ ಕಡೆ ಹೊರಟಿದ್ದಳು. ಅಷ್ಟರಲ್ಲಿ ಚಿಕ್ಕವನು ಚಿಟ್ಟನೆ ಚೀರಿದ. ಕರಿಮೂತಿಯ ಕೋತಿಯೊಂದು ಬಂದು ಅವನ ಕೈಯಿಂದ ಚಿಪ್ಸಿನ ಪಾಕೀಟು ಕಸಿದುಕೊಂಡು ಕೊಂಬೆಯ ಮೇಲೆ ಕೂತಿತ್ತು. ನಮ್ಮ ಹಾಗೆಯೇ ಕಾಲ ಮೇಲೆ ಕಾಲು ಹಾಕಿ, ಒಂದೊಂದೇ ತೆಗೆದು ತಿನ್ನುತ್ತಿತ್ತು.

"ಆಯಿ, ನನ್ನ ಚಿಪ್ಸ!"

"ಬಟಾಟಿ ಅದು, ನೆಲದಾಗಿನ ಗಡ್ಡಿ. ನಮ್ಮ ಜೈನರಿಗೆ ಆಗೂದಿಲ್ಲ. ನಿನ್ನ ಪಾಪ ಅದ ತಗೊಂಡ ಹೋತು, ಬಿಡ."

"ಪಾಪ ಅಲ್ಲ ಅದು, ಮಸಾಲಾ!"

ಎಲ್ಲರೂ ನಕ್ಕೆವು. ಸೊಸೆ ಕಲ್ಲು ಹುಡುಕಿದಳು, ಮಗ ಬೇಡವೆಂದ, ಕೋತಿಗಳು ಇನ್ನಷ್ಟು ಬಂದವು. ಚೀಲಗಳನ್ನು ಎತ್ತಿಕೊಂಡು ನಗುತ್ತಲೇ ಅಲ್ಲಿಂದ ಎದ್ದೆವು.

ಆಮೇಲೆ ಏರು. ನನ್ನ ಮಗ ಮೋಟರ್ ಸೈಕಲ್ ಮೇಲೆ ಅಡ್ಡಾಡುವವನು ಎಂಬುದು ಅಲ್ಲಿ ಗೊತ್ತಾಯಿತು. ಹುಡುಗಿ ಬಾಯಿ ಮುಚ್ಚಿ ಏರಿದಳು. ಚೀಲದ ಪಟ್ಟಿ ಹೆಗಲಿಗೆ ಕೊರೆದು ಕೆಂಪಾಗಿತ್ತು. ಸೊಸೆ ಹಿಂದಿನಿಂದ ಸುಮ್ಮನೆ ಚೀಲಕ್ಕೆ ಕೈ ಕೊಟ್ಟರೆ ಮೈ ಕೊಸರಿಕೊಂಡು ಮುಂದೆ ಹೋದಳು. ಅವಳಿಗೆ ಬೇಕಾದದ್ದು ಮೇಲಿನ ಅಂಚು. ಅಲ್ಲಿಗೆ ನೆಲ ಮುಗಿಯುತ್ತದೆ, ಕಾಲ ಕೆಳಗೆ ಕೊಂಕಣ, ಹೊತ್ತು ನಮಗಿಂತ ಕೆಳಗೆ ಮುಳುಗುತ್ತದೆ ಎಂದು ಅವಳಪ್ಪ ಪ್ರತಿ ವರ್ಷ ಹೇಳುತ್ತಿದ್ದ. ಹೊತ್ತು ಮುಳುಗುವ ಮೊದಲು ಅಂಚು ಮುಟ್ಟಿ, ನೋಡುತ್ತ ಉಣ್ಣುವುದು ಎಂದು ಮಾತಾಗಿತ್ತು. ನನ್ನ ಊಟಕ್ಕೂ ಅದೇ ಗಡುವು.

ಅಂಚು ಇನ್ನೇನು ಸಿಕ್ಕಿತು ಅನ್ನುವಲ್ಲಿ ಬಯಲು ಬಂಡೆಯೊಂದಿದೆ, ಪಕ್ಕದಲ್ಲಿ ಸಣ್ಣ ಕಲ್ಲುಗುಡಿ. ಕೊನೆಯ ವಿಶ್ರಾಂತಿ ಎಂದು ಕೂತೆವು. ಹೊತ್ತು ಗುಡ್ಡದ ನೆತ್ತಿಗಿಂತ ಇನ್ನೂ ಎರಡಾಳು ಮೇಲಿತ್ತು. ಚಿಕ್ಕವನು ನೀರು ಕೇಳಿದ. ಹುಡುಗಿ ತನ್ನ ಚೀಲದ ತಂಬಿಗೆಯನ್ನೇ ಬಿಚ್ಚಿ ಮುಚ್ಚಳ ತಿರುವಿದಳು. ತಿರುವಿ, ಒಳಗೆ ನೋಡಿ, ಹಾಗೇ ನಿಂತಳು.

"ಕೊಡ ಅಕ್ಕಾ."

"ಇದು ನೀರ ಅಲ್ಲ."

"ಮತ್ತ ಏನದು?"

"ಮಂದಿ," ಎಂದಳು.

ನಾನು ಎದ್ದು ಹೋಗಿ ನೋಡಿದೆ. ಇಳಿಬಿಸಿಲು ಓರೆಯಾಗಿ ತಂಬಿಗೆಯೊಳಗೆ ಬಿದ್ದಿತ್ತು. ಇಷ್ಟು ವರ್ಷ ಜೀವಾಣಿ ಬಿಟ್ಟಿದ್ದೇನೆ, ಬೆಳಗಿನ ಗಡಿಬಿಡಿಯಲ್ಲಿ, ಬಾವಿಯ ನೆರಳಲ್ಲಿ. ಒಳಗೆ ಎಂದೂ ಹೀಗೆ ನೋಡಿರಲಿಲ್ಲ. ನೀರಿನ ತುಂಬ ಚುಕ್ಕಿಗಳು. ಒಂದು ಜಿಗಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಜಿಗಿಯುತ್ತಿತ್ತು. ಒಂದಕ್ಕೆ ಗರಿಯಂಥ ಕಾಲು. ಒಂದು ಗಾಜಿನದ್ದೇ ಇದ್ದ ಹಾಗಿತ್ತು, ಅದರ ಹೊಟ್ಟೆಯೊಳಗೆ ಏನೋ ಹಸಿರು. ಅಷ್ಟು ತಿಳಿಯಾಗಿ ಕಂಡ ಮಡುವಿನಲ್ಲಿ ಇಷ್ಟು ಸಂಸಾರ. ಅತ್ತೆ ಹೇಳಿದ್ದನ್ನು ನಂಬಿದ್ದೆ. ನಂಬುವುದು ಬೇರೆ, ಕಣ್ಣೆದುರು ಈಜುವುದು ಬೇರೆ.

"ಮಂಗ್ಯಾನ ಗದ್ದಲದಾಗ ಮರತೆ," ಎಂದಳು ಹುಡುಗಿ.

ಮಗ ಬಂದು ಇಣುಕಿದ. "ಇಷ್ಟ ಅಲ್ಲ? ಮ್ಯಾಲ ಅಂಚಿನ ಹತ್ರ ಹೊಂಡ ಐತಿ. ಅಲ್ಲಿ ಬಿಟ್ರಾತು. ನೀರ ನೀರ."

ಹುಡುಗಿ ನನ್ನ ಮುಖ ನೋಡಿದಳು. ಸೊಸೆಯೂ ನೋಡಿದಳು. "ಅತ್ತಿ, ಆತು ಅಂತ ಒಂದ ಮಾತ ಹೇಳಿಬಿಡ್ರಿ. ಹುಡುಗಿ ದಣದೈತಿ."

ಹೇಳಬಹುದಿತ್ತು. ಮೇಲಿನ ಹೊಂಡಕ್ಕೆ ಬಿಡು ಎಂದಿದ್ದರೆ ಎಲ್ಲರೂ ಎದ್ದು ಅಂಚಿಗೆ ಹೋಗುತ್ತಿದ್ದೆವು. ಆದರೆ ನನಗೆ ಅದು ಒಂದೇ ರೀತಿಯಲ್ಲಿ ಗೊತ್ತು. ನಾನು ಕಲಿತದ್ದು ಕಡಿಮೆ. ಕಲಿತದ್ದನ್ನು ತಿದ್ದಿ ಹೇಳುವಷ್ಟಂತೂ ಕಲಿತಿಲ್ಲ.

"ಆ ನೀರಿಂದು ಆ ನೀರಿಗೆ," ಎಂದೆ.

"ಅವ್ವಾ! ಹುಳಾ ಅದಾವ. ಹುಳಾ!" ಮಗನ ದನಿ ಏರಿತು. "ಈಗ ಕೆಳಗ ಹೋದ್ರ ಅಂಚಿಗೆ ಮುಟ್ಟೂದ್ರಾಗ ಕತ್ತಲಾಕ್ಕೈತಿ. ನಿನಗ ಊಟಿಲ್ಲ, ನೀರಿಲ್ಲ. ಗೊತ್ತೈತಿ?"

"ಗೊತ್ತೈತಿ. ನನ್ನ ಹೊಟ್ಟಿ, ನಾ ನೋಡ್ಕೋತೀನಿ. ನಾನ ಹೋಗಿ ಬಿಟ್ಟ ಬರ್ತೀನಿ."

"ಇಲ್ಲ, ಕೆಲಸ ನಂದು," ಎಂದಳು ಹುಡುಗಿ. ಮುಚ್ಚಳ ತಿರುವಿ ಭದ್ರ ಮಾಡಿದಳು. ಅಪ್ಪನ ಕಡೆ ತಿರುಗಿ, ಶಾಲೆಯಲ್ಲಿ ನಿಂತು ಉತ್ತರ ಹೇಳುವ ಹಾಗೆ ಹೇಳಿದಳು. "ಪಪ್ಪಾ, ತಿರಗಿ ಹೋಗೂಣು."

ಚಿಕ್ಕವನಿಗೂ ಅರ್ಥವಾಯಿತು, ಅಕ್ಕನ ಅಂಗಿ ಹಿಡಿದೆಳೆದ. "ಅಕ್ಕಾ, ಆ ಮಾತ ಅನಬಾರದಿತ್ತ."

"ಏನಂದಿ, ಗೊತ್ತೈತಿಲ್ಲ?" ಎಂದ ಮಗ.

"ಗೊತ್ತೈತಿ. ಹತ್ತನೇತ್ತಾ ಮುಗಿಯೂತನಾ."

ಅವನು ಬಗ್ಗಿ ಬೂಟಿನ ದಾರ ಬಿಗಿದ. ಹೆಂಡತಿಗೆ, ನೀನೂ ಚಿಕ್ಕವನೂ ಗುಡಿಯ ಹತ್ತಿರ ಡೇರೆ ಹಾಕಿಕೊಂಡಿರಿ ಎಂದ. ಮಗಳಿಗೆ, "ಚೀಲ ಇಲ್ಲೇ ಇಟ್ಟ ಬಾ," ಎಂದ.

"ಬ್ಯಾಡ. ಒಂದ ಕಾಯ್ದೆ ಮುರದೇನಿ. ಇನ್ನೊಂದರ ಇರ್ಲಿ," ಎಂದು ಚೀಲ ಹೊತ್ತುಕೊಂಡೇ ಇಳಿದಳು.

ಇಳಿಯುವಾಗ ಕಾಡು ಬೇರೆಯಾಗಿತ್ತು. ಬಿಸಿಲು ಮರದ ತುದಿಗೆ ಮಾತ್ರ ಉಳಿದಿತ್ತು, ಕೆಳಗೆಲ್ಲ ತಣ್ಣಗೆ. ನಮ್ಮ ಕೊಟ್ಟಿಗೆಯಲ್ಲಿ ಸಂಜೆ ದನ ಬರುವ ಮೊದಲು ಒಂದು ಸುಮ್ಮನಿರುವಿಕೆ ಇರುತ್ತದೆ, ಹಾಗೆ. ಹುಡುಗಿ ಮುಂದೆ, ಅವಳ ಹಿಂದೆ ಮಗ, ಕೊನೆಗೆ ನಾನು. ಅವಳು ತಂಬಿಗೆಯನ್ನು ಈಗ ಚೀಲಕ್ಕೆ ಕಟ್ಟದೆ ಎರಡೂ ಕೈಯಲ್ಲಿ ಎದೆಗೆ ಹಿಡಿದಿದ್ದಳು. ಅವಳು ಅಳುತ್ತಿದ್ದಾಳೋ ಎಂದು ನಾನು ಇಣುಕಲಿಲ್ಲ. ಅತ್ತರೆ ಅವಳ ಪಾಡು.

ಮಡು ಕಾಣುವ ತಿರುವಿನಲ್ಲಿ ಮಗ ಥಟ್ಟನೆ ನಿಂತು ಅವಳ ಚೀಲ ಹಿಡಿದೆಳೆದ. ಇನ್ನೊಂದು ಕೈ ನನ್ನ ಕಡೆ ಚಾಚಿದ. ನಾನು ಅವನ ಹೆಗಲಿನ ಮೇಲಿಂದ ನೋಡಿದೆ.

ನೀರಿನ ಆಚೆ ಬಂಡೆ ಎಂದುಕೊಂಡದ್ದು ಉಸಿರಾಡಿತು.

ಗವಾ. ಕಾಡುಕೋಣ. ಒಂದಲ್ಲ, ಅದರ ಹಿಂದೆ ಕತ್ತಲಿನಿಂದ ಒಂದೊಂದೇ ಬಿಡಿಸಿಕೊಂಡು ಬಂದವು. ನಾನು ಬಳೆ ತೊಟ್ಟಾಗಿನಿಂದ ಎಮ್ಮೆ ಹಿಂಡಿದವಳು. ಎಮ್ಮೆ ಎಂದರೆ ನನಗೆ ಗೊತ್ತು ಎಂದುಕೊಂಡಿದ್ದೆ. ನಮ್ಮ ಕೊಟ್ಟಿಗೆಯ ದೊಡ್ಡ ಎಮ್ಮೆ ಇದರ ಪಕ್ಕ ನಿಂತರೆ ಕರು. ಬೆನ್ನಿನ ಮೇಲೆ ಬೆಟ್ಟದ ಏಣು ಇದ್ದ ಹಾಗೆ ಒಂದು ಏಣು. ಮೈ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಯಾರೂ ಹಚ್ಚಿಲ್ಲ, ಯಾರೂ ತೊಳೆದಿಲ್ಲ. ಮೊಣಕಾಲಿನ ಕೆಳಗೆ ಮಾತ್ರ ಬಿಳಿ, ಶಾಲೆಯ ಮಕ್ಕಳ ಕಾಲುಚೀಲದ ಹಾಗೆ. ದೊಡ್ಡದು ನೀರಿಗೆ ಬಾಯಿ ಇಟ್ಟಿತು. ಅದು ಕುಡಿಯುವ ಸಪ್ಪಳ ನಮಗೆ ಕೇಳುತ್ತಿತ್ತು. ಹಿಂದೆ ಒಂದು ಕರು, ಕೆಂಪು ಮೈಯದು, ತಾಯಿಯ ಕಾಲ ಸಂದಿನಿಂದ ನೀರಿಗಿಳಿಯಲು ಹೆದರಿ ಹೆದರಿ ಗೊರಸು ಇಟ್ಟಿತು.

ಆ ಮೂಗಿಗೆ ಯಾರೂ ದಾರ ಹಾಕಿಲ್ಲ. ಆ ಕೆಚ್ಚಲಿಗೆ ಯಾರೂ ಕೈ ಹಾಕಿಲ್ಲ. ಅಷ್ಟು ದೊಡ್ಡ ಮೈ, ಯಾರದೂ ಅಲ್ಲದ್ದು. ನನ್ನ ಕಾಲು ಗಟ್ಟಿ ಎಂದು ನಾನು ಜಂಬ ಪಡುವವಳು. ಅವತ್ತು ಪಕ್ಕದ ಮರ ಹಿಡಿದು ನಿಂತೆ. ಹೆದರಿಕೆಗೆ ಅಷ್ಟೇ ಅಲ್ಲ. ಬಸದಿಯಲ್ಲಿ ಕಣ್ಣು ಮುಚ್ಚಿ ಕೂತಾಗ ಬರಬೇಕು ಎನ್ನುತ್ತಾರಲ್ಲ ಒಂದು ಭಾವನೆ, ನನಗೆ ಎಂದೂ ಬಂದಿರಲಿಲ್ಲ. ಅಡುಗೆ, ಮೇವು, ಮೊಮ್ಮಕ್ಕಳೇ ನೆನಪಾಗುತ್ತಿದ್ದವು. ಇಲ್ಲಿ ಕಣ್ಣು ತೆರೆದೇ ಇತ್ತು, ಏನೂ ನೆನಪಾಗಲಿಲ್ಲ.

ನನ್ನ ಮಗ ಇಷ್ಟು ವರ್ಷದಿಂದ ಬರುತ್ತಿದ್ದಾನೆ. ಸಗಣಿ ಕಂಡಿದ್ದ, ಗೊರಸಿನ ಗುರುತು ಕಂಡಿದ್ದ. ಪ್ರಾಣಿ ಕಂಡಿರಲಿಲ್ಲ. ಮಗಳ ಚೀಲ ಹಿಡಿದ ಕೈ ಅವನು ಸಡಿಲಿಸಲಿಲ್ಲ. ಕಿಸೆಯಲ್ಲಿ ಮೊಬೈಲ್ ಇತ್ತು, ತೆಗೆಯಲಿಲ್ಲ.

ದೊಡ್ಡದು ತಲೆಯೆತ್ತಿ ನಮ್ಮನ್ನು ನೋಡಿತು. ಬಾಯಿಂದ ನೀರು ಸೋರುತ್ತಿತ್ತು. ಅದು ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ನಾವು ಏನೂ ಅಲ್ಲ ಎಂಬಂತೆ ನೋಡಿತು. ಮತ್ತೆ ಬಗ್ಗಿ ಕುಡಿಯಿತು.

ಮರದ ತುದಿಯ ಬಿಸಿಲು ಆರಿತು. ನನ್ನ ಊಟ ನೀರು ಅಲ್ಲಿಗೆ ಮುಗಿಯಿತು. ಮೇಲೆ ಅಂಚಿನ ಆಚೆ ಹೊತ್ತು ಮುಳುಗಿರಬೇಕು, ಹುಡುಗಿ ಇಷ್ಟು ವರ್ಷ ಕಾದಿದ್ದ ಹೊತ್ತು. ಅವಳು ತಂಬಿಗೆ ಎದೆಗೊತ್ತಿಕೊಂಡು ನಿಂತೇ ಇದ್ದಳು, ಬಾಯಿ ತೆರೆದು, ಚಿಕ್ಕವಳಿದ್ದಾಗ ನಿಲ್ಲುತ್ತಿದ್ದ ಹಾಗೆ. ಅವುಗಳಿಗೆ ಅವಸರವಿರಲಿಲ್ಲ. ಕುಡಿದವು, ನಿಂತವು, ಕರು ಒಮ್ಮೆ ಜಾರಿ ಬಿದ್ದು ಎದ್ದಿತು. ಆಮೇಲೆ ಯಾರೋ ಕರೆದ ಹಾಗೆ ಎಲ್ಲ ಒಟ್ಟಿಗೆ ತಿರುಗಿ ಮರದೊಳಗೆ ಹೋದವು. ಅಷ್ಟು ದೊಡ್ಡ ಮೈ ಹೋದರೂ ಎಲೆ ಸಪ್ಪಳ ಬಹಳ ಇರಲಿಲ್ಲ.

ಮಗ ಇನ್ನೂ ಸ್ವಲ್ಪ ಹೊತ್ತು ತಡೆದು, ಆಮೇಲೆ ಕೈಬಿಟ್ಟ. ಹುಡುಗಿ ಮಡುವಿಗಿಳಿದಳು. ಕುಕ್ಕರಗಾಲಲ್ಲಿ ಕೂತು, ಮುಚ್ಚಳ ತಿರುವಿ, ತಂಬಿಗೆಯ ಬಾಯಿ ನೀರಿಗೆ ಮುಟ್ಟಿಸಿ ಮೆಲ್ಲಗೆ ಬೋರಲು ಹಾಕಿದಳು. ನೀರು ಕದಡಿ ರಾಡಿಯಾಗಿತ್ತು.

"ಇವರ ಮನಿ ಎಲ್ಲಾ ಕೆಸರ ಮಾಡಿ ಹೋಗ್ಯಾವ ನೋಡ ಆಯಿ," ಎಂದಳು.

"ಅವರ ಬೀಗರ ಅವು. ನಡಕ ಬಾಯಿ ಹಾಕಬ್ಯಾಡ," ಎಂದೆ.

ಪುಣ್ಯ ಮಾಡಲು ಹೋದದ್ದಕ್ಕೆ ಗವಾ ಕಾಣಿಸಿಕೊಂಡವು ಎಂದು ಊರಿಗೆ ಬಂದ ಮೇಲೆ ಕೆಲವರು ಹೇಳಿದರು. ನಾನು ಒಪ್ಪುವುದಿಲ್ಲ. ಅವು ದಿನಾ ಆ ಹೊತ್ತಿಗೆ ಬರುತ್ತಿರಬೇಕು. ನಾವು ದಿನಾ ಅಲ್ಲಿ ಇರಲಿಲ್ಲ, ಅಷ್ಟೆ.

ಗುಡಿಯ ಹತ್ತಿರ ಮುಟ್ಟಿದಾಗ ಪೂರ್ತಿ ಕತ್ತಲಾಗಿತ್ತು. ಸೊಸೆ ಬುಡ್ಡಿಯಂಥ ಬ್ಯಾಟರಿ ಹಿಡಿದು ಎದುರಿಗೆ ಬಂದಳು. ಹುಡುಗಿಗೆ ನೀರಿನ ಬಾಟಲಿ ಕೊಟ್ಟರೆ ಅವಳು ನನ್ನ ಕಡೆ ನೋಡಿ ತಲೆಯಾಡಿಸಿದಳು.

"ಏ ಹುಚ್ಚಿ, ಕುಡಿ. ನೇಮ ನಂದು, ಬಾಯಿ ನಿಂದು," ಎಂದೆ. ಗಟಗಟ ಕುಡಿದಳು. ನಾನು ಆ ಕಡೆ ತಿರುಗಿ ಕೂತೆ. ನಾಲಿಗೆ ಒಣಗಿದ ಹೊಗೆಸೊಪ್ಪಿನ ಎಲೆಯಾಗಿತ್ತು.

ಬೆಳಕು ಹರಿಯುವಾಗ ಎಲ್ಲರೂ ಅಂಚಿಗೆ ಹೋದೆವು. ಹುಡುಗಿ ಚೀಲ ಹೊತ್ತೇ ಬಂದಳು. ಅಂಚಿನಲ್ಲಿ ನಿಂತು ಚೀಲ ಕೆಳಗಿಳಿಸಿ, "ಮುಟ್ಟಿದ್ವಿ?" ಎಂದು ಕೇಳಿದಳು. ಅವಳಪ್ಪ ಹೂಂ ಎಂದ.

ನೆಲ ಅಲ್ಲಿಗೆ ಮುಗಿಯುತ್ತದೆ ಎನ್ನುವುದು ಸುಳ್ಳಲ್ಲ. ಕಾಲ ಕೆಳಗೆ ಕೊಂಕಣ ಇರಲಿಲ್ಲ, ಬರೀ ಮಂಜು, ಹಾಲು ಕಾಯಿಸಿ ತುಂಬಿಟ್ಟ ಹಾಗೆ, ಕಣ್ಣು ಹೋದಷ್ಟು ದೂರ. ಹಿಂದಿನಿಂದ ಹೊತ್ತು ಮೂಡಿತು. ಆಗ ಆ ಹಾಲಿನ ಮೇಲೆ ಒಂದು ನೀಲಿ ನೆರಳು ಉದ್ದಕ್ಕೆ ಚಾಚಿಕೊಂಡಿತು. ನಾವು ನಿಂತ ಗುಡ್ಡದ ನೆರಳು ಅದು. ಚಿಕ್ಕವನು ಎರಡೂ ಕೈ ಎತ್ತಿ ಬೀಸಿದ, ತನ್ನ ನೆರಳು ಎಲ್ಲಾದರೂ ಕಾಣುತ್ತದೋ ಎಂದು. ಅಷ್ಟು ದೊಡ್ಡ ನೆರಳಿನಲ್ಲಿ ಅವನೂ ಎಲ್ಲೋ ಇದ್ದ. ಕಾಣಲಿಲ್ಲ. "ನಾ ಅಲ್ಲಿ ಅದೇನಿಲ್ಲ ಆಯಿ?" ಎಂದ. ಇದ್ದೀಯ ಎಂದೆ. ಬಾಯಿ ಒಣಗಿ ಅದಕ್ಕಿಂತ ಹೆಚ್ಚು ಆಡಲಾಗಲಿಲ್ಲ.

ಹುಡುಗಿ ನೋಡಿದ್ದು ಸಾಕೆಂಬಂತೆ ಬಟ್ಟೆ, ಕೊಡ, ತಂಬಿಗೆ ತೆಗೆದುಕೊಂಡು ಹಿಂದಿನ ಹೊಂಡಕ್ಕೆ ಹೋದಳು. ಮಗ ನನ್ನ ಪಕ್ಕ ಕೂತ.

"ಅವ್ವಾ, ಅಕಿ ತಿರಗಿ ಹೋಗೂಣು ಅಂದ್ಲು."

"ಅಂದ್ಲು."

"ಮಾತ ಮಾತ. ನಾ ಅಕಿನ್ನ ಕರ್ಕೊಂಡ ಬರಂಗಿಲ್ಲ."

"ನೀ ಕರ್ಕೊಂಡ ಬರಬ್ಯಾಡಲೇ," ಎಂದೆ. "ಮುಂದಿನ ವರ್ಷ ನಾ ಬರಾಕಿ. ನನ್ನ ಜೋಡಿ ಜೀವಾಣಿ ಬಿಡಾಕ ಅಕಿ ಬರ್ತಾಳ. ನನಗ ದಾರಿ ತೋರ್ಸಾಕ ನೀ ಬಾ. ನಾ ಏನ ಯಾರಿಗೂ ಕಾಯ್ದೆ ಹಾಕಿಲ್ಲ."

ಅವನು ಮಂಜಿನ ಕಡೆ ತಿರುಗಿದ. ಸೊಸೆ ಸೆರಗು ಬಾಯಿಗೆ ಹಿಡಿದು ನಗುವುದು ನನಗೆ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಆಮೇಲೆ ಅವನು, "ನಿನಗ ಒಂದ ಚೀಲ ಬೇಕಾಕ್ಕೈತಿ," ಎಂದ.

"ಕೊಂಡ ಬಾ."

ಹೊಂಡದ ಹತ್ತಿರ ಹುಡುಗಿ ನೀರು ಸೋಸಿದ್ದಳು. ಕೊಡ ತುಂಬಿತ್ತು. ಹೊತ್ತು ಮೂಡಿ ಕುಡಿಯುವ ಹೊತ್ತಾಗಿತ್ತು. ನಾನು ಕೈ ಚಾಚಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಬಟ್ಟೆ ತಿರುವಿದಳು, ಸೋಸಿದ ನೀರಿನಿಂದ ಮೆಲ್ಲಗೆ ತೊಳೆದಳು, ತಂಬಿಗೆ ಹಿಡಿದು ಹೊಂಡದ ಅಂಚಿಗೆ ಹೋಗಿ ಕೂತಳು.

"ಲೇ, ಆಯಿ ಸಾಯಾಕತ್ತಾಳ, ಮೊದಲ ನೀರ ಕೊಡ," ಎಂದ ಚಿಕ್ಕವನು.

"ತಡೀ," ಎಂದಳು ಬೆನ್ನು ತಿರುಗಿಸದೆ. "ಇವರ ಮೊದಲ."

ತಡೆದೆ.